ಧರ್ಮಗ್ರಂಥ, ಬಂಜರು ಭೂಮಿ ಮತ್ತು ಸಮುದಾಯದ ತೋಟ: ಜೆರಾರ್ಡ್ ವಿನ್‌ಸ್ಟಾನ್ಲಿಯ ಬದುಕು

ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಚರಿತ್ರೆಯಲ್ಲಿ ಜೆರಾರ್ಡ್ ವಿನ್‌ಸ್ಟಾನ್ಲಿಯ ಹೆಸರು ಉಳಿದಿರುವುದು ಮುಖ್ಯವಾಗಿ ಒಂದು ತೋಟದ ಕಾರಣದಿಂದ. 1649ರ ಏಪ್ರಿಲ್‌ನಿಂದ 1650ರ ಏಪ್ರಿಲ್‌ವರೆಗೆ, ಸುಮಾರು ಒಂದು ವರ್ಷ ಕಾಲ, ಲಂಡನ್ನಿನ ನೈಋತ್ಯಕ್ಕಿರುವ ಸರ್ರಿ ಪ್ರಾಂತ್ಯದ ಎರಡು ಬಂಜರು ನೆಲಗಳಲ್ಲಿ ಅವನೂ ಅವನ ಸಂಗಡಿಗರೂ ಒಟ್ಟಾಗಿ ಅಗೆದು ಬಿತ್ತಿದರು. ಬೆಳೆದುದನ್ನು ಒಟ್ಟಾಗಿ ಉಣ್ಣಬೇಕೆಂದು ನಿಶ್ಚಯಿಸಿದ್ದರು. ಅಗೆಯುವವರು ಎಂಬ ಅರ್ಥದಲ್ಲಿ ಜನ ಅವರನ್ನು ಡಿಗ್ಗರ್‌ಗಳೆಂದು ಕರೆದರು. ಅವರು ಬೆಳೆದ ಫಸಲಿನ ಪ್ರಮಾಣ ತೀರ ಅಲ್ಪ. ಆದರೆ ಆ ಫಸಲಿಗೆ ಆಧಾರವಾಗಿದ್ದ ಬೈಬಲ್ಲಿನ ಓದು ಅಲ್ಪವಾದುದಲ್ಲ. ಈ ಓದನ್ನು ಬದಿಗಿಟ್ಟು ವಿನ್‌ಸ್ಟಾನ್ಲಿಯ ಬದುಕನ್ನು ಬರೆದಾಗಲೆಲ್ಲ ಅವನ ತೋಟ ಅರ್ಧದಷ್ಟೇ ಕಂಡಿದೆ.

ಅವನನ್ನು ಆಧುನಿಕ ಓದುಗರಿಗೆ ಮರಳಿ ಪರಿಚಯಿಸಿದವರು ಸಮಾಜವಾದಿ ಚಿಂತಕರು ಎಂಬುದು ಗಮನಾರ್ಹ. ಜರ್ಮನಿಯ ಎಡ್ವರ್ಡ್ ಬರ್ನ್‌ಸ್ಟೈನ್ 1895ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡಿಗ್ಗರ್‌ಗಳಿಗೆ ಮಹತ್ವದ ಸ್ಥಾನ ನೀಡಿದ. 1918ರಲ್ಲಿ ಮಾಸ್ಕೋದ ಅಲೆಕ್ಸಾಂಡರ್ ಉದ್ಯಾನದ ಸ್ಮಾರಕಸ್ತಂಭದಲ್ಲಿ ಕ್ರಾಂತಿಕಾರಿ ಚಿಂತಕರ ಹೆಸರುಗಳನ್ನು ಕೆತ್ತಿದಾಗ ವಿನ್‌ಸ್ಟಾನ್ಲಿಯ ಹೆಸರೂ ಸೇರಿತು. 2013ರಲ್ಲಿ ಸ್ತಂಭವನ್ನು ಅದರ ಹಳೆಯ ರೂಪಕ್ಕೆ ತರುವಾಗ ಆ ಹೆಸರುಗಳನ್ನೆಲ್ಲ ತೆಗೆದುಹಾಕಲಾಯಿತು. ಕ್ರಿಸ್ಟಫರ್ ಹಿಲ್ 1972ರ ತನ್ನ ಪ್ರಸಿದ್ಧ ಕೃತಿಯಲ್ಲಿ ಅವನನ್ನು ಇಂಗ್ಲಿಷ್ ಕ್ರಾಂತಿಯ ಅತ್ಯಂತ ಮೌಲಿಕ ಚಿಂತಕರಲ್ಲಿ ಒಬ್ಬನೆಂದು ಕಂಡ. ಈ ಪರಂಪರೆಯ ಓದಿನಲ್ಲಿ ಬೈಬಲ್ಲಿನ ಭಾಷೆ ಒಂದು ಹೊದಿಕೆಯಾಗಿ, ಆ ಕಾಲದವರಿಗೆ ಲಭ್ಯವಿದ್ದ ಏಕೈಕ ನುಡಿಗಟ್ಟಾಗಿ ಕಾಣಿಸುತ್ತದೆ. ಹೊದಿಕೆಯನ್ನು ತೆಗೆದರೆ ಒಳಗೆ ಲೌಕಿಕ ಸಮತಾವಾದಿ ಸಿಗುತ್ತಾನೆ ಎಂಬುದು ಅದರ ಗ್ರಹಿಕೆ. 1977ರಲ್ಲಿ ಮಲಿಗನ್, ಗ್ರಹಾಂ ಮತ್ತು ರಿಚರ್ಡ್ಸ್ ಎಂಬ ಮೂವರು ವಿದ್ವಾಂಸರು ಇದನ್ನು ವಿರೋಧಿಸಿ, ವಿನ್‌ಸ್ಟಾನ್ಲಿ ತನ್ನನ್ನು ಏನೆಂದು ಹೇಳಿಕೊಂಡನೋ ಅದೇ ಆಗಿದ್ದನೆಂದು ವಾದಿಸಿದರು. ಅವರ ಪ್ರಕಾರ ಅವನು ಮೂಲತಃ ಧಾರ್ಮಿಕ ಚಿಂತಕ. ಎರಡೂ ಪಕ್ಷಗಳು ಒಂದು ಅಂಶವನ್ನು ಸುಮ್ಮನೆ ಒಪ್ಪಿಕೊಂಡಂತೆ ತೋರುತ್ತದೆ: ಧರ್ಮ ಬೇರೆ, ನೆಲದ ಪ್ರಶ್ನೆ ಬೇರೆ ಎಂಬುದನ್ನು. ವಿನ್‌ಸ್ಟಾನ್ಲಿ ಒಪ್ಪದೇ ಇದ್ದದ್ದು ಅದನ್ನೇ. ಅವನ ಬದುಕಿನ ವಿವರಗಳನ್ನು ಕ್ರಮವಾಗಿ ನೋಡಿದಾಗ ಇದು ಸ್ಪಷ್ಟವಾಗುತ್ತದೆ.

ಲ್ಯಾಂಕಷೈರ್ ಪ್ರಾಂತ್ಯದ ವಿಗನ್ ಪಟ್ಟಣದಲ್ಲಿ 1609ರ ಅಕ್ಟೋಬರ್ 10ರಂದು ಅವನಿಗೆ ದೀಕ್ಷಾಸ್ನಾನವಾಯಿತು. ತಂದೆ ಎಡ್ವರ್ಡ್ ಬಟ್ಟೆಯ ವ್ಯಾಪಾರಿ. 1630ರಲ್ಲಿ ಜೆರಾರ್ಡ್ ಲಂಡನ್ನಿಗೆ ಬಂದು, ಮರ್ಚಂಟ್ ಟೇಲರ್ಸ್ ಎಂಬ ವರ್ತಕ ಸಂಘಕ್ಕೆ ಸೇರಿದ್ದ ಸಾರಾ ಗೇಟರ್ ಎಂಬ ವಿಧವೆಯ ಬಳಿ ಕಸುಬು ಕಲಿಯಲು ನಿಂತ. 1638ರಲ್ಲಿ ಸಂಘದ ಸ್ವತಂತ್ರ ಸದಸ್ಯನಾಗಿ ಸ್ವಂತ ಅಂಗಡಿ ತೆರೆದ. 1640ರಲ್ಲಿ ಸೂಸನ್ ಕಿಂಗ್ ಎಂಬಾಕೆಯನ್ನು ಮದುವೆಯಾದ. ಆಕೆಯ ತಂದೆ ಶಸ್ತ್ರವೈದ್ಯ, ಸರ್ರಿಯ ಕಾಬಂ ಊರಿನಲ್ಲಿ ಆಸ್ತಿ ಉಳ್ಳವ. ವಿಶ್ವವಿದ್ಯಾಲಯದ ಶಿಕ್ಷಣ ಅವನಿಗೆ ಆಗಲಿಲ್ಲ. ಮುಂದೆ ವಿದ್ವಾಂಸರನ್ನೂ ಪಾದ್ರಿಗಳನ್ನೂ ಅವನು ಟೀಕಿಸಿದ ಬಗೆಯಲ್ಲಿ ಈ ಹೊರಗಿನವನ ನೆಲೆ ಎದ್ದು ಕಾಣುತ್ತದೆ.

1642ರಲ್ಲಿ ರಾಜ ಮತ್ತು ಪಾರ್ಲಿಮೆಂಟಿನ ನಡುವೆ ಯುದ್ಧ ಆರಂಭವಾದಾಗ ಲಂಡನ್ನಿನ ವ್ಯಾಪಾರ ಕುಸಿಯಿತು. ಸಾಲದ ಮೇಲೆ ನಡೆಯುತ್ತಿದ್ದ ಸಣ್ಣ ವರ್ತಕರು ಮೊದಲು ಮುಳುಗಿದರು. 1643ರ ಕೊನೆಗೆ ವಿನ್‌ಸ್ಟಾನ್ಲಿಯ ಅಂಗಡಿ ದಿವಾಳಿಯಾಯಿತು. ಕೊಳ್ಳುವುದು ಮಾರುವುದು ಎಂಬ ಕಲೆಯೇ ಕಳ್ಳತನದ ಕಲೆ ಎಂಬ ನಿಲುವಿಗೆ ಅವನು ಬಂದದ್ದರ ಹಿಂದೆ ಈ ಅನುಭವವಿದೆ. ದಂಪತಿಗಳು ಮಾವನ ಊರಾದ ಕಾಬಂಗೆ ಹೋದರು. ಅಲ್ಲಿ ಅವನು ಬೇರೆಯವರ ದನಗಳನ್ನು ಮೇಯಿಸಿ ಜೀವನ ಸಾಗಿಸಿದ. ಯುದ್ಧದ ತೆರಿಗೆ, ಮನೆಮನೆಯಲ್ಲಿ ಸೈನಿಕರನ್ನು ಇರಿಸಿಕೊಂಡು ಊಟ ಹಾಕಬೇಕಾದ ಹೊರೆ, ಮೇಲಾಗಿ ನಲವತ್ತರ ದಶಕದ ಕೊನೆಯಲ್ಲಿ ಒಂದಾದ ಮೇಲೊಂದರಂತೆ ಕೈಕೊಟ್ಟ ಬೆಳೆ — ಇವೆಲ್ಲ ಆ ಭಾಗದ ಬಡವರನ್ನು ಹಸಿವಿನ ಅಂಚಿಗೆ ತಂದಿದ್ದವು.

ಕಾಬಂನ ಮೇನರ್ ನ್ಯಾಯಸಭೆ 1646ರಲ್ಲಿ ಕೆಲವರಿಗೆ ಒಂದು ದಂಡ ವಿಧಿಸಿತು. ಊರಿನ ಬಂಜರಿನಲ್ಲಿ, ಉರುವಲಾಗಿ ಬಳಸುವ ಜೌಗುಮಣ್ಣಿನ ಹೆಂಟೆಗಳನ್ನು ಅಪ್ಪಣೆಯಿಲ್ಲದೆ ಅಗೆದದ್ದು ಅವರ ಅಪರಾಧ. ದಂಡ ತೆತ್ತವರಲ್ಲಿ ವಿನ್‌ಸ್ಟಾನ್ಲಿಯೂ ಒಬ್ಬ. ತೋಟ ಆರಂಭಿಸುವ ಮೂರು ವರ್ಷ ಮೊದಲೇ ಅವನು ಅಗೆದು ಅಪರಾಧಿಯಾಗಿದ್ದ ಎಂಬ ಈ ವಿವರ ಚಿಕ್ಕದಾದರೂ ಮುಖ್ಯವಾದುದು. ಇಲ್ಲಿ ಬಂಜರು ಎಂಬ ಮಾತನ್ನು ತುಸು ಬಿಡಿಸಿ ನೋಡಬೇಕು. ಇಂಗ್ಲೆಂಡಿನ ಕಾಮನ್ ಎಂಬುದನ್ನು ಕನ್ನಡದಲ್ಲಿ ಗೋಮಾಳ ಎಂದು ಅನುವಾದಿಸುವ ಆಸೆ ಸಹಜ. ದನ ಮೇಯಿಸುವ, ಸೌದೆ ಆರಿಸುವ ಹಕ್ಕುಗಳ ಮಟ್ಟಿಗೆ ಹೋಲಿಕೆ ಸರಿಯಾದುದೇ. ಆದರೆ ಕಾಮನ್ ಸರ್ಕಾರದ್ದೂ ಅಲ್ಲ, ಊರಿನದ್ದೂ ಅಲ್ಲ. ಅದರ ಮಣ್ಣಿನ ಒಡೆತನ ಮೇನರ್ ಒಡೆಯನೆಂಬ ಜಮೀನುದಾರನದು. ಊರಿನ ಕೆಲವು ಮನೆತನಗಳಿಗೆ ಮಾತ್ರ ಅದರ ಮೇಲೆ ವಾಡಿಕೆಯ ಹಕ್ಕುಗಳಿದ್ದವು. ನೆಲವಿಲ್ಲದ ಕಡುಬಡವನಿಗೆ ಆ ಹಕ್ಕೂ ಇರುತ್ತಿರಲಿಲ್ಲ. ಆದ್ದರಿಂದ ಅಲ್ಲಿ ಬಿತ್ತಲು ಹೊರಟವರು ಜಮೀನುದಾರನನ್ನು ಮಾತ್ರವಲ್ಲ, ದನ ಮೇಯಿಸುತ್ತಿದ್ದ ಸಣ್ಣ ಹಿಡುವಳಿದಾರರನ್ನೂ ಎದುರು ಹಾಕಿಕೊಳ್ಳಬೇಕಾಗಿತ್ತು. ಡಿಗ್ಗರ್‌ಗಳಿಗೆ ಮುಂದೆ ಬಿದ್ದ ಪೆಟ್ಟುಗಳನ್ನು ಅರ್ಥಮಾಡಿಕೊಳ್ಳಲು ಇದು ಅಗತ್ಯ.

ಧರ್ಮದ ವಿಷಯದಲ್ಲಿ ಅವನು ಆ ಕಾಲದ ಅನೇಕರಂತೆ ಹಲವು ಮೆಟ್ಟಿಲುಗಳನ್ನು ದಾಟಿದ. ಮೊದಲು ಪ್ರವಚನಗಳಿಗೆ ತಪ್ಪದೆ ಹೋಗುವ ಶ್ರದ್ಧಾವಂತ; ಬಳಿಕ ವಯಸ್ಕರಿಗೆ ನೀರಿನಲ್ಲಿ ಮುಳುಗಿಸಿ ದೀಕ್ಷೆ ಕೊಡುವ ಪಂಥದ ಅನುಭವ; ಆಮೇಲೆ ಯಾವ ಸಭೆಗೂ ಸಲ್ಲದ ಸ್ಥಿತಿ. 1648ರಲ್ಲಿ ಅವನು ಬರೆಯತೊಡಗಿದ ಮೊದಲ ಪುಸ್ತಕಗಳು ಸಂಪೂರ್ಣ ಧಾರ್ಮಿಕವಾದವು. ಅವುಗಳಲ್ಲಿ ನೆಲದ ಮಾತಿಲ್ಲ, ತೋಟದ ಮಾತಿಲ್ಲ. ಆದರೆ ಮುಂದಿನದಕ್ಕೆ ಬೇಕಾದ ತಾತ್ವಿಕ ಸಿದ್ಧತೆ ಅಲ್ಲಿ ನಡೆದಿದೆ. ದೇವರು ಎಂಬ ಪದವನ್ನು ಬಿಟ್ಟು ವಿವೇಕ ಎಂಬ ಪದವನ್ನು ಅವನು ಆರಿಸಿಕೊಂಡ. ಲೋಕವನ್ನು ಸೃಷ್ಟಿಸಿ ಪ್ರತಿ ಜೀವಿಯನ್ನೂ ಇನ್ನೊಂದರ ಪೋಷಣೆಗೆ ಹೊಂದಿಸಿದ ಶಕ್ತಿಯೇ ಆ ವಿವೇಕ. ಕ್ರಿಸ್ತನ ಪುನರುತ್ಥಾನ ಒಬ್ಬ ವ್ಯಕ್ತಿಗೆ ಒಂದು ಕಾಲದಲ್ಲಿ ನಡೆದುಹೋದ ಘಟನೆಯಲ್ಲ, ಗಂಡು ಹೆಣ್ಣುಗಳೆಲ್ಲರೊಳಗೆ ಈಗ ನಡೆಯುತ್ತಿರುವ ಏಳುವಿಕೆ. ಆದಾಮನೂ ಹಾಗೆಯೇ: ಬಹಳ ಹಿಂದೆ ಬದುಕಿದ್ದ ಮೂಲಪುರುಷನಲ್ಲ, ದಿನವೂ ಮನುಷ್ಯನೊಳಗೆ ಹುಟ್ಟುವ ಲೋಭ. ದೈವನಿಂದೆಯ ಆಪಾದನೆ ಹೊತ್ತಿದ್ದ ವಿಲಿಯಂ ಎವರಾರ್ಡ್ ಎಂಬ ಮಾಜಿ ಸೈನಿಕನ ಪರವಾಗಿ ಈ ಪುಸ್ತಕಗಳಲ್ಲೊಂದು ಬರೆಯಲ್ಪಟ್ಟಿತು. ತೋಟದ ಮೊದಲ ದಿನಗಳಲ್ಲಿ ಈ ಎವರಾರ್ಡ್ ವಿನ್‌ಸ್ಟಾನ್ಲಿಗಿಂತಲೂ ಹೆಚ್ಚು ಸುದ್ದಿಯಾದವನು.

ಧರ್ಮಚಿಂತನೆ ನೆಲಕ್ಕಿಳಿದದ್ದು 'ದ ನ್ಯೂ ಲಾ ಆಫ್ ರೈಟಿಯಸ್‌ನೆಸ್' ಎಂಬ ಪುಸ್ತಕದಲ್ಲಿ. ಅದರ ಪೀಠಿಕೆಯ ತೇದಿ 1649ರ ಜನವರಿ 26. ನಾಲ್ಕು ದಿನಗಳ ನಂತರ ರಾಜ ಒಂದನೆಯ ಚಾರ್ಲ್ಸ್‌ನ ಶಿರಚ್ಛೇದವಾಯಿತು. ಸಮಾಧಿಸ್ಥಿತಿಯೊಂದರಲ್ಲಿ ತನಗೆ ಆದೇಶವೊಂದು ಕೇಳಿಸಿತೆಂದು ವಿನ್‌ಸ್ಟಾನ್ಲಿ ಅಲ್ಲಿ ನಿವೇದಿಸುತ್ತಾನೆ. ಕೂಡಿ ದುಡಿಯಬೇಕು, ಕೂಡಿ ಉಣ್ಣಬೇಕು, ಇದನ್ನು ಎಲ್ಲೆಡೆ ಸಾರಬೇಕು ಎಂಬುದು ಅದರ ತಿರುಳು. ಕೂಲಿಗೆ ದುಡಿಯುವುದು ಮತ್ತು ಕೂಲಿಗೆ ದುಡಿಸಿಕೊಳ್ಳುವುದು ಎರಡೂ ಅದಕ್ಕೆ ವಿರುದ್ಧವಾದವು.

ಈ ಆದೇಶಕ್ಕೆ ಅವನು ಬೈಬಲ್ಲಿನಿಂದ ಒದಗಿಸಿದ ಸಮರ್ಥನೆಯೇ ಅವನ ವಿಶಿಷ್ಟ ಸಾಧನೆ. ಆದಿಕಾಂಡದಲ್ಲಿ ಮನುಷ್ಯನಿಗೆ ಭೂಮಿಯ ಮೇಲೆ, ಮೀನು ಹಕ್ಕಿ ಪ್ರಾಣಿಗಳ ಮೇಲೆ ದೊರೆತನ ದೊರೆಯುತ್ತದೆ. ಮನುಷ್ಯನಿಗೆ ಮನುಷ್ಯನ ಮೇಲೆ ದೊರೆತನ ಕೊಟ್ಟ ಮಾತು ಅಲ್ಲಿ ಎಲ್ಲಿಯೂ ಇಲ್ಲವೆಂಬ ಮೌನವನ್ನು ವಿನ್‌ಸ್ಟಾನ್ಲಿ ಹಿಡಿದ. ಹಾಗಿದ್ದಮೇಲೆ ಭೂಮಿಯನ್ನು ಬೇಲಿ ಹಾಕಿ ಹಂಚಿಕೊಂಡದ್ದೇ ಪತನ. ಹಣ್ಣು ತಿಂದದ್ದು ಅದರ ಸಂಕೇತ. ಕಾಯಿನನು ಹೇಬೆಲನನ್ನು ಕೊಂದ ಕಥೆ, ಏಸಾವ ಯಾಕೋಬರ ಕಥೆ ಇವೆಲ್ಲ ಬಲಿಷ್ಠ ಅಣ್ಣ ದುರ್ಬಲ ತಮ್ಮನ ಪಾಲನ್ನು ಕಿತ್ತುಕೊಳ್ಳುವ ಒಂದೇ ಕಥೆಯ ರೂಪಾಂತರಗಳಾದವು. ನಾರ್ಮನ್ ದೊರೆ ವಿಲಿಯಂ 1066ರಲ್ಲಿ ಇಂಗ್ಲೆಂಡನ್ನು ಗೆದ್ದು ತನ್ನ ದಂಡಿನ ನಾಯಕರಿಗೆ ನೆಲ ಹಂಚಿದ್ದೂ ಇದೇ ಸಾಲಿಗೆ ಸೇರಿತು. ಇನ್ನೊಂದು ತುದಿಯಲ್ಲಿ ಅಪೊಸ್ತಲರ ಕೃತ್ಯಗಳು ಇದೆ. ಅಲ್ಲಿ ಮೊದಲ ಕ್ರೈಸ್ತರು ತಮ್ಮ ಸೊತ್ತನ್ನು ತಮ್ಮದೆನ್ನದೆ ಸಮಾನವಾಗಿ ಅನುಭವಿಸಿದರು. ಈ ಎರಡು ತುದಿಗಳ ನಡುವಿನ ಇಡೀ ಚರಿತ್ರೆ ಅವನಿಗೆ ಬೇಲಿಯ ಚರಿತ್ರೆಯಾಗಿ ಕಂಡಿತು. ಭೂಮಿ ಎಲ್ಲರಿಗೂ ಸೇರಿದ ಒಂದು ಭಂಡಾರ ಎಂಬ ಅವನ ನೆಚ್ಚಿನ ರೂಪಕ ಇಲ್ಲಿಂದ ಹುಟ್ಟಿತು. ಪಾದ್ರಿಗಳ ಓದು ಸ್ವರ್ಗವನ್ನು ಸಾವಿನಾಚೆಗೆ ಇಟ್ಟಿತ್ತು. ಬಡವರು ಮೇಲೆ ನೋಡುತ್ತಿರುವಾಗ ಅವರ ಕಾಲಡಿಯ ನೆಲ ಕೈಬಿಟ್ಟು ಹೋಗುವಂತೆ ಮಾಡುವ ಉಪಾಯವೆಂದು ವಿನ್‌ಸ್ಟಾನ್ಲಿ ಅದನ್ನು ಖಂಡಿಸಿದ. ದಶಮಾಂಶದ ತೆರಿಗೆಯಿಂದ ಬದುಕುವವರಿಗೆ ಈ ವ್ಯಾಖ್ಯಾನ ಸಹ್ಯವಾಗುವಂತಿರಲಿಲ್ಲ.

ಮಾತಿಗೆ ಕ್ರಿಯೆ ಜೊತೆಯಾಗದಿದ್ದರೆ ಅದು ಸತ್ತ ಮಾತು ಎಂಬ ನಂಬಿಕೆ ಅವನದು. 1649ರ ಏಪ್ರಿಲ್ 1ರಂದು ಎವರಾರ್ಡ್, ವಿನ್‌ಸ್ಟಾನ್ಲಿ ಮತ್ತು ಬೆರಳೆಣಿಕೆಯ ಜನ ವಾಲ್ಟನ್ ಊರಿನ ಸೇಂಟ್ ಜಾರ್ಜ್ ಗುಡ್ಡಕ್ಕೆ ಹೋಗಿ ಅಗೆಯಲು ತೊಡಗಿದರು. ಅಂದು ಭಾನುವಾರ. ಪ್ಯೂರಿಟನ್ ಇಂಗ್ಲೆಂಡಿನಲ್ಲಿ ಭಾನುವಾರ ದುಡಿಯುವುದು ದೊಡ್ಡ ಉಲ್ಲಂಘನೆ. ದಿನದ ಆಯ್ಕೆ ಆಕಸ್ಮಿಕವೆನ್ನುವುದು ಕಷ್ಟ. ಅವರ ಪಾಲಿಗೆ ನೆಲ ಅಗೆಯುವುದೇ ಅಂದಿನ ಆರಾಧನೆಯಾಗಿತ್ತು ಎನ್ನಬೇಕಾಗುತ್ತದೆ. ಮೊದಲು ಹಾಕಿದ ಬೀಜಗಳು ಕ್ಯಾರೆಟ್, ಅದನ್ನೇ ಹೋಲುವ ಬಿಳಿಯ ಗೆಡ್ಡೆಯಾದ ಪಾರ್ಸ್ನಿಪ್, ಮತ್ತು ಹುರುಳಿಕಾಯಿಯ ಜಾತಿಗೆ ಹತ್ತಿರವಾದ ಅವರೆ. ಇವು ಭೋಜನಪ್ರಿಯರ ತರಕಾರಿಗಳಲ್ಲ, ಹೊಟ್ಟೆ ತುಂಬಿಸುವ ಬೆಳೆಗಳು. ಗುಡ್ಡದ ಮಣ್ಣು ಮರಳುಮಯ, ಸತ್ವಹೀನ. ಕುರುಚಲು ಪೊದೆ ಬೆಳೆದ ಜಾಗ. ಗೆಡ್ಡೆ ಇಳಿಯಲು ಸಡಿಲ ಮಣ್ಣು ಒದಗುತ್ತದೆ, ಅವರೆಯಂಥ ದ್ವಿದಳ ಧಾನ್ಯ ಮಣ್ಣಿಗೆ ಸಾರ ಕೊಡುತ್ತದೆ. ಮರುದಿನ ಇನ್ನಷ್ಟು ಜನ ಬಂದರು. ಮಂಗಳವಾರ ಪೊದೆಗಳಿಗೆ ಬೆಂಕಿಯಿಟ್ಟು ನೆಲ ತೆರವು ಮಾಡಿದರು. ವಾರ ಕಳೆಯುವಷ್ಟರಲ್ಲಿ ಇಪ್ಪತ್ತು ಮೂವತ್ತು ಮಂದಿ ಸೇರಿದ್ದರು. ಬಂದು ಕೈಜೋಡಿಸುವವರಿಗೆಲ್ಲ ಅನ್ನ, ಪಾನ, ಬಟ್ಟೆ ದೊರೆಯುವುದೆಂದು ಅವರು ಆಶ್ವಾಸನೆ ಕೊಡುತ್ತಿದ್ದರು.

ಊರಿನ ಹೆನ್ರಿ ಸ್ಯಾಂಡರ್ಸ್ ಎಂಬಾತ ಏಪ್ರಿಲ್ 16ರಂದು ಸರ್ಕಾರಕ್ಕೆ ದೂರು ಬರೆದ. ಮೇಲೆ ಹೇಳಿದ ದಿನಗಳ ವಿವರಗಳೆಲ್ಲ ಉಳಿದಿರುವುದು ಈ ದೂರಿನ ದೆಸೆಯಿಂದಲೇ. ರಾಜನಿಲ್ಲದ ಹೊಸ ಗಣರಾಜ್ಯ ಆಗಿನ್ನೂ ಎರಡು ತಿಂಗಳ ಕೂಸು. ಗುಂಪು ಸೇರುವುದೆಂದರೆ ಅದಕ್ಕೆ ಭಯ. ಸೇನಾಪತಿ ಫೇರ್‌ಫ್ಯಾಕ್ಸ್ ಕಳುಹಿಸಿದ ಕ್ಯಾಪ್ಟನ್ ಗ್ಲ್ಯಾಡ್‌ಮನ್ ಮಾತ್ರ ಇದು ಗಮನ ಕೊಡಬೇಕಾದ ಸಂಗತಿಯೇ ಅಲ್ಲವೆಂಬಂತೆ ವರದಿ ಮಾಡಿದ. ಏಪ್ರಿಲ್ 20ರಂದು ಎವರಾರ್ಡ್ ಮತ್ತು ವಿನ್‌ಸ್ಟಾನ್ಲಿ ಲಂಡನ್ನಿಗೆ ಹೋಗಿ ಸೇನಾಪತಿಯ ಎದುರು ನಿಂತರು. ಅವನೂ ತಮ್ಮಂತೆಯೇ ಸೃಷ್ಟಿಯ ಒಂದು ಜೀವವಷ್ಟೇ ಎಂಬ ಕಾರಣ ನೀಡಿ ತಲೆಯ ಮೇಲಿನ ಟೋಪಿ ತೆಗೆಯಲಿಲ್ಲ. ಬೇಲಿ ಹಾಕಿದ ಯಾರ ಹೊಲವನ್ನೂ ಮುಟ್ಟುವುದಿಲ್ಲ, ಆಯುಧ ಹಿಡಿಯುವುದಿಲ್ಲ, ಬಂಜರನ್ನು ಮಾತ್ರ ಉಳುತ್ತೇವೆ, ಕಾಲ ಬಂದಾಗ ಉಳ್ಳವರು ತಾವಾಗಿಯೇ ಬಂದು ಸೇರುತ್ತಾರೆ ಎಂಬುದು ಅವರ ನಿವೇದನೆ. ಮೇ ತಿಂಗಳ ಕೊನೆಯಲ್ಲಿ, ಲೆವೆಲ್ಲರ್ ಸೈನಿಕರ ಬಂಡಾಯವನ್ನು ಬರ್ಫರ್ಡ್‌ನಲ್ಲಿ ಅಡಗಿಸಿ ಹಿಂದಿರುಗುವಾಗ, ಫೇರ್‌ಫ್ಯಾಕ್ಸ್ ಸ್ವತಃ ಗುಡ್ಡಕ್ಕೆ ಬಂದು ಅವರ ಮಾತು ಕೇಳಿಹೋದ. ಪ್ರಭುತ್ವದ ಸೇನೆ ಅವರನ್ನು ನೋಡಿದ್ದು ಕುತೂಹಲದಿಂದ. ನೆರೆಹೊರೆಯವರು ಹಾಗೆ ನೋಡಲಿಲ್ಲ.

ಏಪ್ರಿಲ್‌ನಲ್ಲೇ ಹದಿನೈದು ಜನರ ಹೆಸರಿನಲ್ಲಿ ಅವರ ಮೊದಲ ಪ್ರಣಾಳಿಕೆ ಅಚ್ಚಾಯಿತು. ಅದರಲ್ಲಿ ತಮ್ಮನ್ನು ನಿಜವಾದ ಲೆವೆಲ್ಲರ್‌ಗಳೆಂದು, ಅಂದರೆ ಮತದ ಹಕ್ಕನ್ನಷ್ಟೇ ಕೇಳದೆ ನೆಲವನ್ನೂ ಸಮಮಾಡುವವರೆಂದು ಅವರು ಗುರುತಿಸಿಕೊಂಡರು. ಜೂನ್ 1ರ ಘೋಷಣೆಗೆ ನಲವತ್ತೈದು ಹೆಸರುಗಳು. ಬೆಳೆ ಕೈಗೆ ಬರುವವರೆಗೆ ಬದುಕಲು ಬಂಜರಿನ ಮರಗಳನ್ನು ಕಡಿದು ಮಾರುವ ಉದ್ದೇಶ ಈ ಎರಡನೆಯ ಪ್ರಕಟಣೆಯಲ್ಲಿದೆ. ಮರದ ಮೇಲೆ ಕಣ್ಣಿಟ್ಟಿದ್ದ ಜಮೀನುದಾರರನ್ನೂ ಸೌದೆಯ ಹಕ್ಕುಳ್ಳ ಹಿಡುವಳಿದಾರರನ್ನೂ ಇದು ಒಟ್ಟಿಗೆ ಕೆರಳಿಸಿತು. ತಾತ್ವಿಕವಾಗಿ ಕೊಳ್ಳುವ ಮಾರುವ ಕ್ರಿಯೆಯನ್ನು ತಿರಸ್ಕರಿಸಿದವರು ಹಸಿವಿನ ಕಾರಣಕ್ಕೆ ಮರ ಮಾರಬೇಕಾಗಿ ಬಂದದ್ದು ಈ ಪ್ರಯೋಗದ ಒಳಬಿಕ್ಕಟ್ಟುಗಳಲ್ಲಿ ಒಂದು. ವಿನ್‌ಸ್ಟಾನ್ಲಿಯ ಬರಹಗಳು ಅದನ್ನು ಪೂರ್ತಿಯಾಗಿ ಬಿಡಿಸಿಕೊಳ್ಳುವುದಿಲ್ಲ.

ಜೂನ್ 11ರಂದು ವಿಲಿಯಂ ಸ್ಟಾರ್ ಮತ್ತು ಜಾನ್ ಟೇಲರ್ ಎಂಬ ಇಬ್ಬರು ಕುದುರೆಯ ಮೇಲೆ, ಹೆಂಗಸರ ಉಡುಪು ತೊಟ್ಟ ಹಲವು ಗಂಡಸರು ಕಾಲ್ನಡಿಗೆಯಲ್ಲಿ ಬಂದು, ನೆಲ ಹದಮಾಡುತ್ತಿದ್ದ ನಾಲ್ವರು ಡಿಗ್ಗರ್‌ಗಳನ್ನು ದೊಣ್ಣೆಗಳಿಂದ ಥಳಿಸಿದರು. ಹೆಣ್ಣುಡುಗೆ ತೊಟ್ಟು ದಂಗೆಯೇಳುವುದು ಇಂಗ್ಲಿಷ್ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಬೇಲಿ ಹಾಕುವ ಧನಿಕರ ವಿರುದ್ಧ ಬಡವರು ಬಳಸುತ್ತಿದ್ದ ರೂಢಿ. ಇಲ್ಲಿ ಅದು ಬಡವರ ವಿರುದ್ಧವೇ ತಿರುಗಿದೆ. ಊರಿನ ಹಿಡುವಳಿದಾರರ ಕಣ್ಣಿಗೆ ಡಿಗ್ಗರ್‌ಗಳೇ ಬಂಜರನ್ನು ಕಬಳಿಸಲು ಬಂದ ಹೊರಗಿನವರಾಗಿ ಕಂಡಿದ್ದರೆಂಬುದನ್ನು ಇದು ಸೂಚಿಸುತ್ತದೆ. ಆಮೇಲೆ ಕಿಂಗ್‌ಸ್ಟನ್ ನ್ಯಾಯಾಲಯದಲ್ಲಿ ಅತಿಕ್ರಮ ಪ್ರವೇಶದ ಮೊಕದ್ದಮೆ ನಡೆಯಿತು. ಹಣ ಕೊಟ್ಟು ವಕೀಲನನ್ನು ಇಡುವುದು ತಮ್ಮ ನಂಬಿಕೆಗೆ ವಿರುದ್ಧವೆಂದು ಅವರು ಸ್ವತಃ ವಾದಿಸಲು ಅವಕಾಶ ಕೇಳಿದರು. ನ್ಯಾಯಾಲಯ ಅವರ ಮಾತು ಕೇಳಲಿಲ್ಲ. ತಲಾ 10 ಪೌಂಡ್ ಪರಿಹಾರ ಮತ್ತು ವೆಚ್ಚ ವಿಧಿಸಿತು. ದಂಡದ ವಸೂಲಿಗೆ ವಿನ್‌ಸ್ಟಾನ್ಲಿಯ ಬಳಿಯಿದ್ದ ಹಸುಗಳನ್ನು ಹೊಡೆದುಕೊಂಡು ಹೋದರು.

1649ರ ಆಗಸ್ಟ್‌ನಲ್ಲಿ ಅವರು ಗುಡ್ಡವನ್ನು ಬಿಟ್ಟು ಕಾಬಂನ ಲಿಟಲ್ ಹೀತ್ ಎಂಬ ಬಂಜರಿಗೆ ಬಂದರು. ಅದು ವಿನ್‌ಸ್ಟಾನ್ಲಿ ನೆಲೆಸಿದ್ದ ಊರು. ಡಿಗ್ಗರ್‌ಗಳಲ್ಲಿ ಹಲವರಿಗೆ ಅಲ್ಲಿ ಬಂಧುಬಳಗವಿತ್ತು. ವಾಲ್ಟನ್ನಿನಲ್ಲಿ ಕಂಡಂಥ ಊರೊಟ್ಟಿನ ಹಗೆತನ ಇಲ್ಲಿ ಕಾಣುವುದಿಲ್ಲ. ವಿರೋಧ ಬಂದದ್ದು ಮೇಲಿನಿಂದ. ಮೇನರ್ ಒಡೆತನ ಹೆಂಡತಿಯ ಮೂಲಕ ಜಾನ್ ಪ್ಲ್ಯಾಟ್ ಎಂಬಾತನಿಗೆ ಸಂದಿತ್ತು. ಅವನು ಸಮೀಪದ ವೆಸ್ಟ್ ಹಾರ್ಸ್ಲಿಯ ಪಾದ್ರಿ. ಜಮೀನುದಾರ ಮತ್ತು ಪಾದ್ರಿ ಒಬ್ಬನೇ ಆಗಿದ್ದ ಈ ಸಂದರ್ಭ, ಧರ್ಮ ಮತ್ತು ಒಡೆತನಗಳ ಕೂಟದ ಬಗ್ಗೆ ವಿನ್‌ಸ್ಟಾನ್ಲಿ ಅದುವರೆಗೆ ಬರೆದುದಕ್ಕೆಲ್ಲ ನಿದರ್ಶನ ಒದಗಿಸಿದಂತಿತ್ತು. ಚಳಿಗಾಲಕ್ಕೆ ಮುಂಚೆ ಸೈನಿಕರ ನೆರವಿನಿಂದ ಗುಡಿಸಲುಗಳನ್ನು ಕೆಡವಲಾಯಿತು. ಡಿಗ್ಗರ್‌ಗಳು ಮತ್ತೆ ಕಟ್ಟಿದರು. 1650ರ ವಸಂತದ ಹೊತ್ತಿಗೆ ಹನ್ನೊಂದು ಎಕರೆಯಷ್ಟು ಧಾನ್ಯದ ಪೈರು, ಆರೇಳು ಮನೆಗಳು ಅಲ್ಲಿದ್ದವು. ತರಕಾರಿಯ ತೋಟವಾಗಿ ಆರಂಭವಾದುದು ಧಾನ್ಯದ ಹೊಲವಾಗಿ ಬೆಳೆದಿತ್ತು. ನಾರ್ತ್‌ಹ್ಯಾಂಪ್ಟನ್‌ಷೈರಿನ ವೆಲಿಂಗ್‌ಬರೋ, ಬಕಿಂಗ್‌ಹ್ಯಾಂಷೈರಿನ ಐವರ್ ಮೊದಲಾದ ಕಡೆ ಇಂಥವೇ ತಂಡಗಳು ಹುಟ್ಟಿದವು. ವೆಲಿಂಗ್‌ಬರೋ ಜನ 1650ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ರಕಟಣೆಯ ಪ್ರಕಾರ ಅವರ ಒಂದೇ ಪ್ಯಾರಿಷ್‌ನಲ್ಲಿ ಭಿಕ್ಷೆಯ ನೆರವಿನಿಂದ ಬದುಕುತ್ತಿದ್ದವರು 1,169 ಮಂದಿ.

ಈ ಚಳಿಗಾಲ ವಸಂತಗಳ ನಡುವೆಯೇ ವಿನ್‌ಸ್ಟಾನ್ಲಿ ಬರೆದ ಕೃತಿ 'ಫೈರ್ ಇನ್ ದ ಬುಷ್'. ಏದೆನ್ ತೋಟದ ವ್ಯಾಖ್ಯಾನವೇ ಅದರ ಹೃದಯ. ಅವನ ಪ್ರಕಾರ ಏದೆನ್ ಎಲ್ಲೋ ಪೂರ್ವದಿಕ್ಕಿನಲ್ಲಿದ್ದ ಉದ್ಯಾನವಲ್ಲ. ಮನುಕುಲದ ಜೀವವೇ ಆ ತೋಟ. ಸ್ವಾರ್ಥ, ಅಹಂಕಾರ, ಮತ್ಸರ, ಲೋಭಗಳು ಅದರಲ್ಲಿ ಬೆಳೆಯುವ ಕಳೆಗಳು. ಸಂತೋಷ, ಶಾಂತಿ, ವಿನಯ, ತಾಳ್ಮೆ, ಸತ್ಯಗಳು ಅದರ ಸಸ್ಯಗಳು. ಜ್ಞಾನದ ಮರವೆಂದರೆ ಇಲ್ಲದ್ದನ್ನು ಬಯಸಿ ಭಯಪಡುವ ಕಲ್ಪನೆ; ಜೀವದ ಮರವೆಂದರೆ ಎಲ್ಲರನ್ನೂ ಒಳಗೊಳ್ಳುವ ಪ್ರೀತಿ. ಈ ಭಾಗವನ್ನು ಮಾತ್ರ ಓದಿದರೆ ಅವನು ಅಂತರಂಗದ ಸಾಧಕನಂತೆ, ಹೊರಗಿನ ಲೋಕವನ್ನು ಕೈಬಿಟ್ಟವನಂತೆ ತೋರಬಹುದು; ಕೆಲವರು ಹಾಗೆ ಓದಿಯೂ ಇದ್ದಾರೆ. ಆದರೆ ಇದನ್ನು ಬರೆದ ಕಾಲದಲ್ಲಿ ಅವನು ಲಿಟಲ್ ಹೀತಿನ ನಿಜವಾದ ಕಳೆಗಳ ನಡುವೆ ಇದ್ದ. ಒಳಗಿನ ಲೋಭವೇ ಹೊರಗೆ ಬೇಲಿಯಾಗುತ್ತದೆ, ಹೊರಗಿನ ಬೇಲಿಯೇ ಒಳಗಿನ ಭಯವನ್ನು ಹುಟ್ಟಿಸುತ್ತದೆ ಎಂಬ ಎರಡೂ ದಿಕ್ಕಿನ ಸಂಬಂಧವನ್ನು ಅವನು ಕಂಡಿದ್ದ. ಹೀಗಾಗಿ ಏದೆನ್ ಅವನಲ್ಲಿ ಕೇವಲ ರೂಪಕವಾಗಿ ಉಳಿಯುವುದಿಲ್ಲ. ಲಿಟಲ್ ಹೀತ್ ಕೇವಲ ಹೊಲವಾಗಿಯೂ ಉಳಿಯುವುದಿಲ್ಲ. ಗುದ್ದಲಿ ಇವೆರಡನ್ನೂ ಒಂದೇ ಏಟಿಗೆ ಮುಟ್ಟಬೇಕು. ಬಹುಶಃ ಆ ಕಾಲದ ಬೇರಾವ ವ್ಯಾಖ್ಯಾನಕಾರನೂ ತನ್ನ ವ್ಯಾಖ್ಯಾನವನ್ನು ಇಷ್ಟು ಅಕ್ಷರಶಃ ಮಣ್ಣಿನ ಪರೀಕ್ಷೆಗೆ ಒಡ್ಡಲಿಲ್ಲ.

ಆ ಪರೀಕ್ಷೆಯ ಕೊನೆ ಬಂದದ್ದು 1650ರ ಏಪ್ರಿಲ್‌ನಲ್ಲಿ, ಈಸ್ಟರ್ ಹಬ್ಬದ ದಿನಗಳಲ್ಲಿ. ಪ್ಲ್ಯಾಟ್ ತನ್ನ ಜನರೊಂದಿಗೆ ಬಂದು ಮನೆಯೊಂದನ್ನು ಕೆಡವಿಸಿದ. ವಿನ್‌ಸ್ಟಾನ್ಲಿ ಅವನ ಬಳಿಗೆ ಹೋಗಿ ಚರ್ಚಿಸಿದ. ಬಂಜರನ್ನು ಅಗೆಯುವುದು ಧರ್ಮಗ್ರಂಥಕ್ಕೆ ಒಪ್ಪುವ ಕೆಲಸವೆಂದು ತೋರಿಸಿಕೊಟ್ಟರೆ ತೊಂದರೆ ಕೊಡುವುದಿಲ್ಲವೆಂಬ ಅರ್ಥದ ಮಾತನ್ನು ಪ್ಲ್ಯಾಟ್ ಆಡಿದ. ವಿನ್‌ಸ್ಟಾನ್ಲಿ ಇದನ್ನು ಶ್ರದ್ಧೆಯಿಂದ ಸ್ವೀಕರಿಸಿ, ಆದಿಕಾಂಡದಿಂದ ಆರಂಭಿಸಿ ಆಧಾರಗಳನ್ನು ಬರೆದು ತಂದು ಒಪ್ಪಿಸಿದ. ಪಾದ್ರಿಯ ಉತ್ತರ ಐವತ್ತರಷ್ಟು ಜನರ ರೂಪದಲ್ಲಿ ಬಂದಿತು. ಅವರಲ್ಲಿ ಬಹುಪಾಲು ಕೂಲಿಗೆ ಕರೆತಂದವರು. ಮನೆಗಳಿಗೆ ಬೆಂಕಿಯಿಟ್ಟು, ಸಾಮಾನುಗಳನ್ನು ಬಯಲಿಗೆ ಚೆಲ್ಲಿ, ಮರಳಿ ಬರದಂತೆ ಹಗಲಿರುಳು ಕಾಯಲು ಆಳುಗಳನ್ನು ನೇಮಿಸಲಾಯಿತು. ಹೆಂಗಸರು ಮಕ್ಕಳು ಆ ರಾತ್ರಿ ಬಯಲಲ್ಲಿ ಉಳಿದರು. ಸುಟ್ಟ ಮನೆಗಳ ವಿವರವನ್ನೂ, ಪಾದ್ರಿಗೆ ಕೊಟ್ಟಿದ್ದ ಶಾಸ್ತ್ರಾಧಾರಗಳನ್ನೂ ಒಟ್ಟಿಗೆ ಸೇರಿಸಿ ವಿನ್‌ಸ್ಟಾನ್ಲಿ ಒಂದು ಪುಸ್ತಿಕೆ ಅಚ್ಚು ಹಾಕಿಸಿದ. ಅದನ್ನು ಸಂಬೋಧಿಸಿದ್ದು ಎರಡು ವಿಶ್ವವಿದ್ಯಾಲಯಗಳ ಧರ್ಮಬೋಧಕರಿಗೆ ಮತ್ತು ವಕೀಲರಿಗೆ. ಅಷ್ಟಾದ ಮೇಲೂ ವಾದವನ್ನು ಗ್ರಂಥದ ನೆಲೆಯಲ್ಲೇ ಗೆಲ್ಲಬಹುದೆಂಬ ಭರವಸೆ ಅವನಲ್ಲಿ ಉಳಿದಿತ್ತೆಂದೇ ಇದರ ಅರ್ಥ. ಬೈಬಲ್ ಅವನಿಗೆ ಹೊದಿಕೆಯಷ್ಟೇ ಆಗಿದ್ದಿದ್ದರೆ, ಬೂದಿಯ ಮೇಲೆ ನಿಂತು ಈ ಕೆಲಸ ಮಾಡುವ ಅಗತ್ಯವಿರಲಿಲ್ಲ.

ಅದೇ ವರ್ಷದ ಶರತ್ಕಾಲದಲ್ಲಿ ಅವನೂ ಕೆಲವು ಸಂಗಡಿಗರೂ ಹರ್ಟ್‌ಫರ್ಡ್‌ಷೈರಿನ ಪಿರ್ಟನ್‌ನಲ್ಲಿ, ತನ್ನನ್ನು ಪ್ರವಾದಿನಿಯೆಂದು ಕರೆದುಕೊಳ್ಳುತ್ತಿದ್ದ ಲೇಡಿ ಎಲಿನರ್ ಡೇವೀಸ್ ಎಂಬಾಕೆಯ ಎಸ್ಟೇಟಿನಲ್ಲಿ ಗೋಧಿ ಒಕ್ಕುವ ಕೆಲಸಕ್ಕೆ ನಿಂತರು. ಡಿಸೆಂಬರ್‌ನಲ್ಲಿ ಬಾಕಿಯ ಬಗ್ಗೆ ಆಕೆಗೆ ಅವನು ಬರೆದ ಪತ್ರ ಉಳಿದುಬಂದಿದೆ. ಕೂಲಿಯ ದುಡಿಮೆಯನ್ನು ಪಾಪವೆಂದವನು ಕೂಲಿಗಾಗಿ ಕಾಗದ ಬರೆಯಬೇಕಾಯಿತು.

1652ರಲ್ಲಿ ಪ್ರಕಟವಾದ 'ದ ಲಾ ಆಫ್ ಫ್ರೀಡಂ' ಅವನ ಕೊನೆಯ ಕೃತಿ. ಅದರ ಅರ್ಪಣೆ ಆಲಿವರ್ ಕ್ರಾಮ್‌ವೆಲ್‌ಗೆ. ಹಿಂದಿನ ಪುಸ್ತಕಗಳಲ್ಲಿ ಕ್ರಿಸ್ತನು ಎಲ್ಲರೊಳಗೆ ತಾನಾಗಿ ಏಳುವನೆಂದು ಕಾಯುತ್ತಿದ್ದವನು ಇಲ್ಲಿ ರಾಜ್ಯದ ರಚನೆಗೆ ಕೈಹಾಕಿದ್ದಾನೆ. ಸಾರ್ವಜನಿಕ ಉಗ್ರಾಣಗಳಿಗೆ ಎಲ್ಲರೂ ಬೆಳೆದದ್ದನ್ನು ತಂದು, ಬೇಕಾದದ್ದನ್ನು ಒಯ್ಯಬೇಕು. ಅಧಿಕಾರಿಗಳನ್ನು ವರ್ಷವರ್ಷ ಆರಿಸಬೇಕು. ನಲವತ್ತು ವರ್ಷ ದಾಟಿದವರಿಗೆ ಕಡ್ಡಾಯ ದುಡಿಮೆಯಿಲ್ಲ. ವಾರದ ವಿರಾಮದ ದಿನ ಜನ ಸೇರಿದಾಗ ಪ್ರವಚನದ ಬದಲು ದೇಶದ ಸುದ್ದಿ, ಕಾನೂನು, ಚರಿತ್ರೆ, ನಿಸರ್ಗದ ವಿಜ್ಞಾನಗಳ ಬಗ್ಗೆ ಭಾಷಣಗಳು ನಡೆಯಬೇಕು. ಇವೆಲ್ಲ ಆಕರ್ಷಕವೇ. ಆದರೆ ನೆಲವನ್ನು ಕೊಳ್ಳುವವನಿಗೂ ಮಾರುವವನಿಗೂ, ಹಣಕ್ಕಾಗಿ ಧರ್ಮಬೋಧೆ ಮಾಡುವವನಿಗೂ ಇದೇ ಪುಸ್ತಕ ಮರಣದಂಡನೆ ವಿಧಿಸುತ್ತದೆ. ಹೊಡೆದವರ ಮೇಲೆ ಕೈಯೆತ್ತದಿದ್ದ ಡಿಗ್ಗರ್ ಮತ್ತು ಈ ಶಾಸನಕಾರ ಒಬ್ಬನೇ ಎಂಬುದನ್ನು ಅರಗಿಸಿಕೊಳ್ಳುವುದು ಸುಲಭವಲ್ಲ. ತೋಟದ ಸೋಲು ಅವನಿಂದ ಕಿತ್ತುಕೊಂಡದ್ದು ಏನೆಂಬುದಕ್ಕೆ ಈ ಕಲಮುಗಳೇ ಸಾಕ್ಷಿ.

ಆಮೇಲೆ ಇಪ್ಪತ್ತನಾಲ್ಕು ವರ್ಷ ಬದುಕಿದ್ದರೂ ಅವನು ಏನನ್ನೂ ಪ್ರಕಟಿಸಲಿಲ್ಲ. ಬಹುಕಾಲ ಈ ವರ್ಷಗಳು ಕತ್ತಲೆಯಲ್ಲಿದ್ದವು. 1965ರಲ್ಲಿ ರಿಚರ್ಡ್ ವ್ಯಾನ್, ಮುಂದೆ ಜೇಮ್ಸ್ ಆಲ್ಸಾಪ್ ಮೊದಲಾದವರು ಪ್ಯಾರಿಷ್ ಮತ್ತು ನ್ಯಾಯಾಲಯದ ದಾಖಲೆಗಳನ್ನು ಶೋಧಿಸಿ ಒಂದು ಚಿತ್ರವನ್ನು ಜೋಡಿಸಿದರು. 1654ರಲ್ಲಿ ವಿನ್‌ಸ್ಟಾನ್ಲಿ ಲಂಡನ್ನಿನಲ್ಲಿ ಕ್ವೇಕರ್ ಪಂಥದ ಎಡ್ವರ್ಡ್ ಬರೋನನ್ನು ಕಂಡು, ತಮ್ಮ ಕೈಯಿಂದ ಜಾರಿದ ಕೆಲಸವನ್ನು ಮುಗಿಸಲು ಕ್ವೇಕರ್‌ಗಳು ಬಂದಿದ್ದಾರೆಂಬ ಭಾವನೆ ವ್ಯಕ್ತಪಡಿಸಿದ್ದ. 1657ರಲ್ಲಿ ಮಾವನಿಂದ ಕಾಬಂನಲ್ಲಿ ಆಸ್ತಿ ಬಂದಿತು. 1659ರಲ್ಲಿ ಊರ ರಸ್ತೆಗಳ ಮೇಲ್ವಿಚಾರಕ, 1660ರಲ್ಲಿ ಬಡವರ ಪರಿಹಾರದ ಉಸ್ತುವಾರಿ, 1667ರಲ್ಲಿ ಚರ್ಚಿನ ಧರ್ಮದರ್ಶಿ, 1671ರಲ್ಲಿ ಎಲ್ಮ್‌ಬ್ರಿಜ್ ಹೋಬಳಿಯ ಮುಖ್ಯ ಕಾನ್‌ಸ್ಟೇಬಲ್. ಸೂಸನ್ ತೀರಿಕೊಂಡ ಬಳಿಕ ಎಲಿಜಬೆತ್ ಸ್ಟ್ಯಾನ್ಲಿಯನ್ನು ಮದುವೆಯಾದ. ಇದನ್ನು ಶರಣಾಗತಿ ಎನ್ನುವವರಿದ್ದಾರೆ. ಆ ಹುದ್ದೆಗಳು ಆಸ್ತಿಯುಳ್ಳ ಗೃಹಸ್ಥರಿಗೆ ಸರದಿಯಂತೆ ಬರುತ್ತಿದ್ದವೆಂಬುದನ್ನೂ, ರಾಜತ್ವ ಮರಳಿದ 1660ರ ನಂತರ ಹಳೆಯ ಬಂಡುಕೋರರಿಗೆ ಉಳಿದಿದ್ದ ದಾರಿಗಳು ಎಷ್ಟು ಕಡಿಮೆಯೆಂಬುದನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಡವರ ಉಸ್ತುವಾರಿಯ ಹುದ್ದೆಯಲ್ಲಿ ಅವನು ಮಾಡಿದ ಕೆಲಸ ಹಳೆಯ ತೋಟದ ಕೆಲಸದಿಂದ ಎಷ್ಟು ದೂರದ್ದೆಂಬ ಪ್ರಶ್ನೆ ಇನ್ನೂ ಚರ್ಚೆಗೆ ಯೋಗ್ಯವಾದುದು.

ಸೇಂಟ್ ಜಾರ್ಜ್ ಗುಡ್ಡದಲ್ಲಿ 1911ರಿಂದ ಧನಿಕರ ಖಾಸಗಿ ಬಂಗಲೆಗಳೂ ಗಾಲ್ಫ್ ಮೈದಾನವೂ ತಲೆಯೆತ್ತಿದವು. ವಿನ್‌ಸ್ಟಾನ್ಲಿ ಲಂಡನ್ನಿನಲ್ಲಿ 1676ರಲ್ಲಿ ತೀರಿಕೊಂಡ. ಮರಣದ ನಮೂದು ಇರುವುದು ಇಂಗ್ಲೆಂಡಿನ ಅಧಿಕೃತ ಚರ್ಚಿನ ಪುಸ್ತಕದಲ್ಲಲ್ಲ, ಕ್ವೇಕರ್‌ಗಳ ದಫ್ತರಿನಲ್ಲಿ. ಅಲ್ಲಿ ಅವನ ಕಸುಬನ್ನು ಧಾನ್ಯದ ವ್ಯಾಪಾರ ಎಂದು ಬರೆಯಲಾಗಿದೆ.